ಬಾವಿಯಲ್ಲಿರುವ ನನ್ನ ಆಸ್ತಿ

ನನ್ನ ಸ್ವಯಾರ್ಜಿತ ಆಸ್ತಿಯ ದೊಡ್ಡ ಪಾಲು ಕಡೂರಿನ ಒಂದು ಬಾವಿಯ ತಳದಲ್ಲಿದೆ. ಒಟ್ಟು 143 ಗೋಲಿ. ಏಳನೆಯ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ನಾಲ್ಕೇ ದಿನ ಉಳಿದಿತ್ತು. ಕತ್ತಲಾದರೂ ಬೀದಿ ಬಿಡದ ಮಗನನ್ನು ಕಿವಿ ಹಿಡಿದು ಎಳೆದು ತಂದ ಅಮ್ಮ, ಗೂಡಿನಲ್ಲಿದ್ದ ಹಾರ್ಲಿಕ್ಸ್ ಬಾಟಲಿಯ ಮುಚ್ಚಳ ತಿರುಗಿಸಿ ಅಷ್ಟನ್ನೂ ಹಿತ್ತಲ ಬಾವಿಗೆ ಸುರಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಗೋಲಿಗಳು ನೀರಿಗೆ ಬಿದ್ದ ಸದ್ದು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ಮೊದಲು ಒಂದೆರಡು, ಆಮೇಲೆ ಜಡಿಮಳೆಯ ಹಾಗೆ ಒಟ್ಟಿಗೆ, ಕೊನೆಗೆ ಬಾಟಲಿಯ ಕಂಠದಲ್ಲಿ ಸಿಕ್ಕಿಕೊಂಡಿದ್ದ ಒಂದು ತಡವಾಗಿ, ಒಂಟಿಯಾಗಿ. “ಪಾಸಾಗು, ಇಳಿದು ತಗೊಳ್ಳುವಿಯಂತೆ” ಎಂದಳು. ಪಾಸಾದೆ. ಇಳಿಯಲಿಲ್ಲ.

ಈ ವಿಷಯವನ್ನು ಐವತ್ತೈದು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳುವ ಪ್ರಸಂಗ ಬಂದದ್ದು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ. ಅಲ್ಲಿಗೆ ನಾನು ಹೋದದ್ದು ಮಗಳ ಬಾಣಂತನಕ್ಕೆ. ಬಾಣಂತನಕ್ಕೆ ಹೋಗುವುದು ತಾಯಿ. ತಂದೆ ಹೋಗುವುದು ಅವಳ ಲಗೇಜಿನ ಜೊತೆಗೆ. ಚಟ್ನಿಪುಡಿ, ಅಂಟಿನುಂಡೆ, ಬಜೆ, ಗೋರೋಜನ ಎಲ್ಲದಕ್ಕೂ ಆ ಮನೆಯಲ್ಲಿ ಒಂದೊಂದು ಕೆಲಸವಿತ್ತು, ನನಗೆ ಇರಲಿಲ್ಲ. ಮಗು ಅತ್ತರೆ ಎತ್ತಿಕೊಳ್ಳಲು ನಾಲ್ಕು ಕೈಗಳು ನನಗಿಂತ ಮೊದಲೇ ಚಾಚಿರುತ್ತಿದ್ದವು. ಹಾಗಾಗಿ ನಾನು ಬೀದಿ ಸುತ್ತುವವನಾದೆ, ಕಡೂರಿನಲ್ಲಿದ್ದ ಹಾಗೆಯೇ.

ಅಲ್ಲಿ ಶನಿವಾರ ಶನಿವಾರ ಜನ ತಮ್ಮ ಗ್ಯಾರೇಜಿನ ಬಾಗಿಲು ತೆರೆದು ಮನೆಯಲ್ಲಿ ಬೇಡವಾದದ್ದನ್ನೆಲ್ಲ ಮಾರಾಟಕ್ಕಿಡುತ್ತಾರೆ. ಹಾಗೆ ಇಟ್ಟ ಒಂದು ಮೇಜಿನ ಮೇಲೆ, ಕಾಲು ಮುರಿದ ಗೊಂಬೆಗೂ ಒಂಟಿ ಕೈಗವಸಿಗೂ ನಡುವೆ, ಗೋಲಿ ತುಂಬಿದ ಉಪ್ಪಿನಕಾಯಿ ಬಾಟಲಿ ಕಂಡಿತು. ಐದು ಡಾಲರು. ರೂಪಾಯಿಗೆ ಪರಿವರ್ತಿಸಿ ನಾಲ್ಕು ನೂರು ಚಿಲ್ಲರೆ ಎಂದು ಗೊತ್ತಾದ ಮೇಲೂ ಕೊಂಡೆ. ಅದು ನನ್ನ ಇಡೀ ಪ್ರವಾಸದಲ್ಲಿ ನಾನು ತೋರಿದ ಏಕೈಕ ಧಾರಾಳತನ. ಬಾಟಲಿ ಎದೆಗವುಚಿಕೊಂಡು ಬರುವಾಗ ಎರಡು ಮನೆ ಆಚೆಯ ಮುದುಕರು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದರು. ನನ್ನನ್ನಲ್ಲ, ಬಾಟಲಿಯನ್ನು. ಆರು ವಾರದಿಂದ ‘ಹಾಯ್’ ಎಂಬುದರಾಚೆ ಮಾತು ಬೆಳೆಸದಿದ್ದ ಮನುಷ್ಯ ಒಂದೇ ನಿಮಿಷದಲ್ಲಿ ನನ್ನನ್ನು ತಮ್ಮ ನೆಲಮಾಳಿಗೆಗೆ ಇಳಿಸಿಬಿಟ್ಟರು.

ಎಂಬತ್ತೆರಡರ ಹಿರಿಯರು. ದುಡಿಯುವ ಕಾಲದಲ್ಲಿ ಟೈರ್ ಕಾರ್ಖಾನೆಯಲ್ಲಿದ್ದವರು. ಆಕ್ರನ್ ಒಂದು ಕಾಲಕ್ಕೆ ಟೈರಿನ ರಾಜಧಾನಿ, ಗುಡ್‌ಇಯರ್, ಫೈರ್‌ಸ್ಟೋನ್ ಎರಡೂ ಹುಟ್ಟಿದ ಊರು. ಗುಂಡಗಿರುವುದನ್ನು ಮಾಡುವ ಹುಚ್ಚು ಆ ಊರಿನ ನೀರಿನಲ್ಲೇ ಇದ್ದಿರಬೇಕು, ಯಂತ್ರದಲ್ಲಿ ಗಾಜಿನ ಗೋಲಿ ಮಾಡಿದ್ದೂ ಅಲ್ಲಿಯೇ. ಮಾರ್ಟಿನ್ ಕ್ರಿಸ್ಟೆನ್ಸನ್ ಎಂಬಾತ ಉಕ್ಕಿನ ಬೇರಿಂಗ್ ಗುಂಡು ಮಾಡುವುದರಲ್ಲಿ ಪಳಗಿದ್ದವನು. ಅದೇ ಉಪಾಯವನ್ನು ಕಾದ ಗಾಜಿಗೆ ಹೊಂದಿಸಿ 1905ರಲ್ಲಿ ಪೇಟೆಂಟ್ ಪಡೆದ. ಒಬ್ಬ ಕೆಲಸಗಾರ ಕುಲುಮೆಯಿಂದ ಕಂಬಿಯ ತುದಿಗೆ ಗಾಜಿನ ಪಾಕ ಸುತ್ತಿ ತಂದು ತೊಟ್ಟಿಕ್ಕಿಸುತ್ತಿದ್ದ, ಇನ್ನೊಬ್ಬ ಅದನ್ನು ತುಂಡರಿಸುತ್ತಿದ್ದ, ಯಂತ್ರ ಅದನ್ನು ಉರುಳಿಸಿ ಉರುಳಿಸಿ ಗುಂಡಗೆ ಮಾಡುತ್ತಿತ್ತು. ಮೊದಲ ಮಹಾಯುದ್ಧದ ಕಾಲಕ್ಕೆ ಕುಲುಮೆಗೆ ಗ್ಯಾಸಿನ ಅಭಾವವಾಗಿ 1917ರಲ್ಲಿ ಕಂಪನಿ ಮುಚ್ಚಿತು. ಆ ಪಾಕ ಸುತ್ತಿದವನ ಕೈಯ ತಿರುವು ಮಾತ್ರ ಗೋಲಿಯ ನೆತ್ತಿಯಲ್ಲಿ 9 ಅಂಕಿಯಂಥ ಒಂದು ಸುಳಿಯಾಗಿ ಉಳಿದುಬಿಟ್ಟಿದೆ. ಮಗುವಿನ ನೆತ್ತಿಯಲ್ಲಿ ಸುಳಿ ಹುಡುಕುವ ಅಜ್ಜಿಯಂತೆ ಈ ಅಜ್ಜ ಭೂತಗನ್ನಡಿ ಹಿಡಿದು ಆ 9 ಹುಡುಕುತ್ತಿದ್ದರು. ಸಿಕ್ಕಿದಾಗ ಅವರ ಮುಖ ನೋಡಬೇಕಿತ್ತು.

ಮರುದಿನದಿಂದ ನನಗೆ ಪಾಠ ಶುರುವಾಯಿತು. ಹಳೆಯ ಗೋಲಿ ಕೈಗೆ ಬಂದರೆ ಮೊದಲು ಬಣ್ಣ ನೋಡಬಾರದಂತೆ, ಹೊಕ್ಕುಳು ನೋಡಬೇಕಂತೆ. ಯಂತ್ರ ಬರುವ ಮೊದಲು ಗಾಜಿನ ಗೋಲಿಗಳು ಹೆಚ್ಚಾಗಿ ಬರುತ್ತಿದ್ದದ್ದು ಜರ್ಮನಿಯಿಂದ, ಅದರಲ್ಲೂ ಥುರಿಂಗಿಯಾ ಸೀಮೆಯ ಲೌಷಾ ಎಂಬ ಗುಡ್ಡಗಾಡಿನ ಗಾಜಿನ ಊರಿನಿಂದ. 1840ರ ದಶಕದಲ್ಲಿ ಅಲ್ಲಿ ಗೋಲಿ ಕತ್ತರಿ ಎಂಬ ಒಂದು ಸಲಕರಣೆ ಹುಟ್ಟಿತು. ಬಣ್ಣದ ಎಳೆಗಳನ್ನು ಒಳಗಿಟ್ಟು ತಿರುಚಿದ ಗಾಜಿನ ಕಡ್ಡಿಯನ್ನು ಕಾಯಿಸಿ, ಆ ಕತ್ತರಿಯ ಬಟ್ಟಲಿನಂಥ ಬಾಯಲ್ಲಿ ಹೊರಳಿಸಿ ಕತ್ತರಿಸುವುದು. ಕಡ್ಡಿಯಿಂದ ಕಳಚಿಕೊಂಡ ಕಡೆ ಒಂದು ಒರಟು ಗುರುತು ಉಳಿಯುತ್ತದೆ. ಅದೇ ಹೊಕ್ಕುಳು. ಅದಿದ್ದರೆ ಮನುಷ್ಯ ಹೆತ್ತದ್ದು, ಇಲ್ಲದಿದ್ದರೆ ಯಂತ್ರದ್ದು. ಇಷ್ಟು ಸರಳವಾದ ವಂಶಾವಳಿ ಪರೀಕ್ಷೆ ನಮ್ಮ ಸಂಬಂಧಗಳಲ್ಲಿ ಕೂಡ ಇರಲಿಲ್ಲ.

ಆ ನೆಲಮಾಳಿಗೆಯಲ್ಲಿ ನಾನು ಕಂಡದ್ದು ಒಂದೆರಡಲ್ಲ. ಈರುಳ್ಳಿ ಸಿಪ್ಪೆಯ ಹಾಗೆ ಪದರದ ಮೇಲೆ ಬಣ್ಣದ ಗೀಟು ಎಳೆದುಕೊಂಡವು. ಒಳಗೆ ಬಿಳಿಯ ಬಲೆ ನೇಯ್ದುಕೊಂಡವು. ತಾಮ್ರದ ಕಣಗಳನ್ನು ಚಿನ್ನವೆಂದು ನಂಬಿಸುವವು. ಈ ಕೊನೆಯ ಜಾತಿಗೆ ಲುಟ್ಸ್ ಎಂದು ಹೆಸರು. ಅಮೆರಿಕದಲ್ಲಿ ಕೆಲಸ ಮಾಡಿದ ನಿಕೊಲಸ್ ಲುಟ್ಸ್ ಎಂಬ ಗಾಜುಗಾರನ ಹೆಸರು ಅದು, ಆದರೆ ಆ ಗೋಲಿಗಳನ್ನು ಮಾಡಿದ್ದು ಅವನಲ್ಲ, ಜರ್ಮನಿಯವರು. ಇನ್ನು ಕೆಲವು ಬಣ್ಣವೇ ಇಲ್ಲದ ದೊಡ್ಡ ಗೋಲಿಗಳು, ಒಳಗೆ ಬೆಳ್ಳಿಯಂತೆ ಹೊಳೆಯುವ ಪುಟ್ಟ ಕುರಿ, ನಾಯಿ, ಹುಂಜ. ನಿಜಕ್ಕೂ ಅವು ಬೆಳ್ಳಿಯಲ್ಲ, ಬಿಳಿ ಮಣ್ಣಿನ ಬೊಂಬೆ. ಸುತ್ತ ಸಿಕ್ಕಿಕೊಂಡ ಗಾಳಿಯ ತೆಳು ಪೊರೆ ಅವನ್ನು ಹಾಗೆ ಮಿನುಗಿಸುತ್ತದೆ. ಒಂದು ಕುರಿ ನೂರು ವರ್ಷದಿಂದ ಗಾಜಿನೊಳಗೆ ತಲೆ ಎತ್ತಿ ನಿಂತಿತ್ತು, ಈಗಷ್ಟೇ ಯಾರೋ ಕರೆದ ಹಾಗೆ.

ಒಂದು ದಿನ ಅಜ್ಜ ವಿಶೇಷ ಸಂಭ್ರಮದಿಂದ ಮಖಮಲ್ಲಿನ ಪೆಟ್ಟಿಗೆ ತೆರೆದರು. “ಇವು ನಿಮ್ಮವು” ಎಂದರು. ಒಳಗೆ ಆರು ಕಪ್ಪು ಗೋಲಿ, ಮೇಲೆ ಹಳದಿ, ಕೆಂಪು, ನೀಲಿ ಪಟ್ಟೆ. ಆ ಜಾತಿಯ ಹೆಸರೇ ಇಂಡಿಯನ್. ನನ್ನ ಎದೆ ಉಬ್ಬಿತು. ಎಲ್ಲಿ ಮಾಡಿದ್ದು ಎಂದು ಕೇಳಿದೆ. ಜರ್ಮನಿಯಲ್ಲಿ ಎಂದರು. ನಾನು ಆ ದೇಶದಲ್ಲಿ ಕೊಂಡ ಬಹುಪಾಲು ಅಮೆರಿಕನ್ ಸಾಮಾನು ಚೀನಾದ್ದಾಗಿತ್ತು, ಹಾಗಾಗಿ ಬೇಜಾರಾಗಲಿಲ್ಲ. ಊಟದ ಹೊತ್ತಿಗೆ ಈ ಸುದ್ದಿಯನ್ನೆಲ್ಲ ಮನೆಯಲ್ಲಿ ಹೇಳುತ್ತಿದ್ದೆ. ಇಂಗ್ಲಿಷಿನಲ್ಲಿ ಬುದ್ಧಿ ಕೆಟ್ಟವನನ್ನು ಗೋಲಿ ಕಳಕೊಂಡವನು ಅನ್ನುತ್ತಾರೆ ಎಂದು ಅಳಿಯ ನಕ್ಕ. ಮೆಂತ್ಯದ ಮುದ್ದೆ ಕಟ್ಟುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆ, “ಹಾಗಾದರೆ ಗೋಲಿ ಕೂಡಿಡೋರಿಗೆ ಬುದ್ಧಿ ಬರಬೇಕಿತ್ತಲ್ಲಪ್ಪಾ” ಎಂದಳು.

ನನ್ನ ಉಪ್ಪಿನಕಾಯಿ ಬಾಟಲಿಯ ತೀರ್ಪು ಮೂರನೆಯ ದಿನ ಹೊರಬಿತ್ತು. ಮುಕ್ಕಾಲು ಪಾಲು ಬೆಕ್ಕಿನ ಕಣ್ಣು. 1950ರ ಆಸುಪಾಸಿನಲ್ಲಿ ಜಪಾನಿನಿಂದ ಹಡಗುಗಟ್ಟಲೆ ಬಂದು ಅಮೆರಿಕದ ಗೋಲಿ ಕಾರ್ಖಾನೆಗಳ ನಿದ್ದೆ ಕೆಡಿಸಿದ ಜಾತಿ. ಸಂಗ್ರಾಹಕರು ಅವನ್ನು ಕಣ್ಣೆತ್ತಿ ನೋಡುವುದಿಲ್ಲ. ಎರಡು ಮಾತ್ರ ಅಕ್ರೊ ಅಗೇಟ್ ಎಂಬ ಕಂಪನಿಯವು. ಅದು ಆಕ್ರನ್ನಿನಲ್ಲೇ ಹುಟ್ಟಿ, 1914ರಲ್ಲಿ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗಿಗೆ ಹೋಗಿ, 1951ರಲ್ಲಿ ಬಾಗಿಲು ಹಾಕಿದ ಕಂಪನಿ. ಬಿರಡೆ ತೆಗೆಯುವ ತಿರುಪಿನಂತೆ ಬಣ್ಣ ಸುತ್ತಿಕೊಂಡು ಹೋಗಿರುವುದೇ ಅದರ ಗುರುತು. ನನಗೆ ಲಾಟರಿ ಹೊಡೆಯಿತೆಂದೇ ತಿಳಿದೆ. ಅಜ್ಜ ಒಂದನ್ನು ದೀಪಕ್ಕೆ ಹಿಡಿದು ನಿಧಾನವಾಗಿ ತಿರುಗಿಸಿ, ನಿಟ್ಟುಸಿರು ಬಿಟ್ಟು, “ಚಂದ್ರಗಳು” ಎಂದರು.

ಭೂತಗನ್ನಡಿಯಲ್ಲಿ ನೋಡಿದೆ. ಗೋಲಿಯ ಮೈ ನುಣುಪಾಗಿಯೇ ಇತ್ತು. ಆದರೆ ಚರ್ಮದ ಸ್ವಲ್ಪ ಕೆಳಗೆ, ಗಾಜಿನೊಳಗೇ, ಉಗುರಿನಂಥ ಪುಟ್ಟ ಪುಟ್ಟ ಬಿದಿಗೆಯ ಚಂದ್ರರು ಹೊಳೆಯುತ್ತಿದ್ದರು. ಇನ್ನೊಂದು ಗೋಲಿ ಬಂದು ಬಡಿದಾಗ ಒಳಗೆ ಮೂಡುವ ಬಿರುಕು. ಮೇಲೆ ಸವರಿದರೆ ಬೆರಳಿಗೆ ತಿಳಿಯುವುದಿಲ್ಲ. ಅಂಥ ಒಂದೊಂದು ಚಂದ್ರನಿಗೂ ಬೆಲೆ ಇಳಿಯುತ್ತದೆ. ಮೈಯೆಲ್ಲ ಚಂದ್ರಗಳಾದರೆ ಅದನ್ನು ಸಂಗ್ರಹಕ್ಕೆ ಸೇರಿಸುವುದೇ ಇಲ್ಲ. ಅತ್ಯುತ್ತಮ ದರ್ಜೆ ಯಾವುದಕ್ಕೆ ಎಂದರೆ, ಯಾರೂ ಒಂದು ಸಲವೂ ಆಡದ ಗೋಲಿಗೆ.

ಇದು ನನ್ನ ತಲೆಗೆ ಇಳಿಯಲೇ ಇಲ್ಲ. ನಮ್ಮ ಬೀದಿಯಲ್ಲಿ ಹೊಸ ಗೋಲಿಗೆ ಮರ್ಯಾದೆಯೇ ಇರಲಿಲ್ಲ. ಅಂಗಡಿಯಿಂದ ತಂದ ಗೋಲಿಯನ್ನು ಮೊದಲು ಕಲ್ಲುಚಪ್ಪಡಿಯ ಮೇಲೆ ನಾಲ್ಕು ಸಲ ಉಜ್ಜಿ ಜಾರದ ಹಾಗೆ ಮಾಡುತ್ತಿದ್ದೆವು. ಯುದ್ಧ ಕಾಣದ ಕತ್ತಿಗೇ ವೀರಚಕ್ರ ಕೊಡುತ್ತಾರೆಂದರೆ ಹೇಗೆ? ಆದರೆ ಆ ರಾತ್ರಿ ಮಲಗಿದಾಗ ಬೇರೊಂದು ಯೋಚನೆ ಬಂತು. 1910ರ ಒಂದು ಗೋಲಿ ಒಂದೂ ಪೆಟ್ಟು ತಿನ್ನದೆ ಉಳಿದಿದೆ ಎಂದರೆ, ಅದನ್ನು ಇಟ್ಟುಕೊಂಡಿದ್ದ ಮಗು ಯಾವುದು? ಅಪ್ಪನಿಗೆ ಹೆದರಿ ಪೆಟ್ಟಿಗೆ ತೆರೆಯದವನೋ, ಆಡಲು ಜೊತೆಯಿಲ್ಲದವನೋ, ಕಿಟಕಿಯ ಹತ್ತಿರ ಹಾಸಿಗೆಯಲ್ಲೇ ಮಲಗಿದ್ದವನೋ. ಮರುದಿನ ಅಜ್ಜನಿಗೆ ಇದನ್ನು ಹೇಳಿದೆ, ಹೇಳಬಾರದಿತ್ತು. ಅವರು ತಮ್ಮ ಅತ್ಯುತ್ತಮ ದರ್ಜೆಯ ಡ್ರಾಯರನ್ನು ಸುಮ್ಮನೆ ಮುಚ್ಚಿ, “ಹೊರಗೆ ಬಿಸಿಲಿದೆ, ನಡಿ” ಎಂದರು.

ಹೊರಗೆ ಹೋಗಿ ಇಬ್ಬರೂ ಗೋಲಿ ಆಡಿದೆವು. ನನ್ನ ಬಾಟಲಿಯ ಬೆಕ್ಕಿನ ಕಣ್ಣುಗಳು ಕೆಲಸಕ್ಕೆ ಬಂದವು. ಅವರ ಆಟದ ಹೆಸರು ರಿಂಗರ್. ಹತ್ತಡಿ ಅಗಲದ ವೃತ್ತದ ನಡುವೆ ಹದಿಮೂರು ಗೋಲಿಗಳನ್ನು ಕತ್ತರಿಯಾಕಾರದಲ್ಲಿ ಇಟ್ಟು ಹೊರಗಟ್ಟುವುದು. ಗೆಣ್ಣನ್ನು ನೆಲಕ್ಕೂರಿ ಹೆಬ್ಬೆರಳಿನಿಂದ ಚಿಮ್ಮುತ್ತಾರೆ. ನಾನು ನಮ್ಮದನ್ನು ತೋರಿಸಿದೆ. ಎಡಗೈ ಹೆಬ್ಬೆರಳನ್ನು ನೆಲಕ್ಕೆ ಊರಿ, ನಡುಬೆರಳ ತುದಿಗೆ ಗೋಲಿ ಇಟ್ಟು, ಬಲಗೈಯಿಂದ ಅದನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಗ್ಗಿಸಿ ಬಿಡುವುದು. ಬೆರಳು ಅರ್ಧ ಬಗ್ಗುವಷ್ಟರಲ್ಲಿ ಸಂಧಿವಾತ ನೆನಪಾಯಿತು. ಆದರೂ ಗೋಲಿ ಹೋಯಿತು, ಹೂವಿನ ಪಾತಿಗೆ. ಕುಳಿ ತೋಡೋಣವೆಂದರೆ ಅವರ ಹುಲ್ಲುಹಾಸಿನಲ್ಲಿ ಮಣ್ಣು ಎನ್ನುವುದೇ ಕಾಣುವುದಿಲ್ಲ. ಟೊಮೆಟೊ ಸಾಲಿನ ಪಕ್ಕ ಅಂಗೈಯಗಲ ಜಾಗ ಹುಡುಕಿ ಹಿಮ್ಮಡಿ ಊರಿ ಗರಗರ ತಿರುಗಿ ಒಂದು ಕುಳಿ ಮಾಡಿದೆ. ಅಜ್ಜ ಆ ಕೌಶಲಕ್ಕೆ ಚಪ್ಪಾಳೆ ತಟ್ಟಿದರು. ಆಟ ಮುಗಿದಾಗ ಗೆದ್ದವರು ಯಾರು ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಎದುರಾಯಿತು, ನೆಲದಿಂದ ಏಳುವುದು ಹೇಗೆ ಎಂದು. ಅವರು ನನ್ನ ಭುಜ ಹಿಡಿದರು, ನಾನು ಟೊಮೆಟೊ ಗೂಟ ಹಿಡಿದೆ. ಎರಡೂ ಮನೆಯ ಅಡುಗೆಮನೆ ಕಿಟಕಿಗಳಿಂದ ಇಬ್ಬರು ಹೆಂಗಸರು ಒಂದೇ ಭಾವದಿಂದ ನೋಡುತ್ತಿದ್ದರು, ಭಾಷೆ ಮಾತ್ರ ಬೇರೆ.

ಆ ಕುಳಿಯ ಮುಂದೆ ಮಂಡಿಯೂರಿ ಕೂತಾಗಲೇ ನನಗೆ ಸೋಡಾ ನೆನಪಾದದ್ದು. ಕುಡಿಯುವುದಲ್ಲ, ಹುಡುಗ. ಅವನಪ್ಪನದು ಬಸ್‌ಸ್ಟ್ಯಾಂಡಿನ ಹತ್ತಿರ ಗೋಲಿ ಸೋಡಾ ಅಂಗಡಿ. ಅವನ ನಿಜವಾದ ಹೆಸರು ಮೇಷ್ಟ್ರ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಆರನೆಯ ಕ್ಲಾಸಿಗೇ ಶಾಲೆ ಬಿಟ್ಟು ಸೋಡಾ ಯಂತ್ರ ತಿರುಗಿಸಲು ನಿಂತ ಮೇಲೆ ಅದೂ ಅಳಿಸಿಹೋಯಿತು. ಆ ಬಾಟಲಿ ಹೈರಮ್ ಕಾಡ್ ಎಂಬ ಲಂಡನ್ನಿನ ಪಾನೀಯದವನು 1872ರಲ್ಲಿ ಪೇಟೆಂಟ್ ಮಾಡಿದ್ದೆಂದು ಈಗ ಓದಿ ತಿಳಿದಿದ್ದೇನೆ. ಆಗ ನಮಗೆ ಅದು ಸೋಡಾನ ಅಪ್ಪನ ಮಾಯಾಜಾಲವೇ. ಒಳಗಿನ ಗ್ಯಾಸು ಗೋಲಿಯನ್ನು ಕಂಠದ ರಬ್ಬರಿಗೆ ಒತ್ತಿ ಹಿಡಿದಿರುತ್ತದೆ. ಮೇಲಿನಿಂದ ಗುದ್ದಿದರೆ ಕೀಂಯ್ ಎಂದು ಚೀರಿ ಒಳಗೆ ಬೀಳುತ್ತದೆ. ಬಗ್ಗಿಸಿ ಕುಡಿಯುವಾಗ ಅಡ್ಡ ಬರದಂತೆ ಕಂಠದಲ್ಲಿ ಚಿವುಟಿದ ಹಾಗೆ ಎರಡು ತಗ್ಗು. ಒಳಗೆ ಟಣಟಣ ಆಡುವ ಆ ಗೋಲಿ ಕಣ್ಣಿಗೆ ಕಂಡೂ ಕೈಗೆ ಸಿಗುವುದಿಲ್ಲ. ಬಾಟಲಿ ಒಡೆದರೆ ಮಾತ್ರ ಸಿಗುತ್ತದೆ. ತುಂಬುವಾಗ ಆಗೊಮ್ಮೆ ಈಗೊಮ್ಮೆ ಬಾಟಲಿ ಸಿಡಿಯುತ್ತಿತ್ತು. ಸಿಡಿದಾಗ ನಾವು ಬೀದಿಯಲ್ಲಿ ಹೋ ಎಂದು ಕುಣಿಯುತ್ತಿದ್ದೆವು. ಅಂಗಡಿಯ ನಷ್ಟವೆಂದರೆ ಬೀದಿಗೆ ಒಂದು ಗೋಲಿ.

ಸೋಡಾನ ಹತ್ತಿರ ಡಾಲ್ಡಾ ಡಬ್ಬದ ತುಂಬ ಅವೇ ಗೋಲಿಗಳು, ತಿಳಿಹಸಿರು, ಹೂವಿಲ್ಲ ಎಸಳಿಲ್ಲ. ಅಂಗಡಿ ಮುಚ್ಚಿದ ಮೇಲೆ, ನಮ್ಮ ಆಟ ಮುಗಿಯುವ ಹೊತ್ತಿಗೆ ಬರುತ್ತಿದ್ದ. ಅವನನ್ನು ಸೇರಿಸಿಕೊಳ್ಳುತ್ತಿದ್ದದ್ದು ಒಂದೇ ಕಾರಣಕ್ಕೆ. ಅವನು ಸೋಲುತ್ತಿದ್ದ. ದಿನಾ ನಾಲ್ಕೈದು ಗೋಲಿ ಸೋತು, ಸೋತವನ ಗೆಣ್ಣಿಗೆ ಬೀಳಬೇಕಾದ ಪೆಟ್ಟನ್ನೂ ನಗುತ್ತ ತಿಂದು, ನಾಳೆ ಬರ್ತೀನಿ ಎಂದು ಹೋಗುತ್ತಿದ್ದ. ನನ್ನ 143ರಲ್ಲಿ ಅರವತ್ತಕ್ಕೆ ಕಡಿಮೆಯಿಲ್ಲದಷ್ಟು ಅವನವು. ಇದೇ ಸೋಡಾ ಸ್ಟೇಷನ್ನಿನ ಹುಣಸೆಮರದಲ್ಲಿ ನಾವು ತೋರಿಸಿದ ಕಾಯಿಯನ್ನೇ ಒಂದೇ ಕಲ್ಲಿಗೆ ಬೀಳಿಸುತ್ತಿದ್ದ. ಎರಡೂ ನಮಗೆ ಗೊತ್ತಿತ್ತು. ಎರಡನ್ನೂ ಒಟ್ಟಿಗಿಟ್ಟು ನೋಡಲು ಮಾತ್ರ ತೋಚಿರಲಿಲ್ಲ.

ಅಮ್ಮ ಬಾಟಲಿ ಸುರಿದ ಆ ಸಂಜೆ ಅವನು ಎಂದಿಗಿಂತ ಬೇಗ ಬಂದಿದ್ದ. “ನಾವಿಬ್ಬರೇ ಆಡೋಣ ಬಾರೋ” ಎಂದ. ನನ್ನ ಹೊಡೆಯುವ ಗೋಲಿಯನ್ನು ಕುಳಿಯ ಆಚೆ, ನಾಲ್ಕು ಮಾರು ದೂರ ಇರಿಸಿ ಹೊಡೆದ. ತಗಲಿತು. ಮತ್ತೆ ಇಟ್ಟೆ, ಮತ್ತೆ ತಗಲಿತು. ನಾಲ್ಕು ಸಲ, ಒಂದರ ಮೇಲೊಂದು. ಕತ್ತಲಲ್ಲಿ ಕಿಡಿ ಹಾರಿದಂತೆ ಟಕ್ ಟಕ್ ಸದ್ದು. ಗೆದ್ದ ಗೋಲಿ ಎತ್ತಿಕೊಳ್ಳದೆ ನಿಂತ. ಅಷ್ಟರಲ್ಲಿ ಅಮ್ಮ ಬಂದಳು, ಕಿವಿ ಹಿಡಿದಳು. ನಾನು ಆ ಗೋಲಿಯನ್ನು ಚಡ್ಡಿ ಜೇಬಿಗೆ ತುರುಕಿಕೊಂಡೆ. ಮಾರನೆಯ ದಿನ ಅಂಗಡಿಗೆ ಬೀಗ. ಭದ್ರಾವತಿ ಕಡೆ ಹೋದರಂತೆ ಎಂದು ಯಾರೋ ಹೇಳಿದರು. ಪರೀಕ್ಷೆಯ ಗಡಿಬಿಡಿ, ಬಾವಿಯ ದುಃಖ. ಅವನ ಬಗ್ಗೆ ಬೇಸರಪಡಲು ನನಗೆ ಪುರುಸೊತ್ತೇ ಆಗಲಿಲ್ಲ.

ಹಿಂತಿರುಗಿ ಬಂದ ಮೇಲೆ ಕಡೂರಿಗೆ ಹೋಗಿದ್ದೆ. ಮನೆ ಮಾರಿ ಎಷ್ಟೋ ವರ್ಷವಾಗಿದೆ. ಬಾವಿಯ ಮೇಲೆ ಕಾಂಕ್ರೀಟ್ ಚಪ್ಪಡಿ, ಚಪ್ಪಡಿಯ ಮೇಲೆ ಒಂದು ಸ್ಕೂಟರ್. ನನ್ನ ಗೋಲಿಗಳ ಮೇಲೆ ಐವತ್ತೈದು ವರ್ಷದಿಂದ ಒಂದೂ ಹೊಸ ಚಂದ್ರ ಮೂಡಿಲ್ಲ ಎಂದು ಲೆಕ್ಕ ಹಾಕಿ, ಅಜ್ಜನಿಗೆ ಹೇಳಿದರೆ ಸಂತೋಷಪಡುತ್ತಿದ್ದರು ಎಂದುಕೊಂಡೆ. ಅಲ್ಲಿಂದ ತಂಗಿಯ ಮನೆಗೆ. ಕಾಫಿ ಕುಡಿಯುತ್ತ ಕಥೆಯನ್ನೆಲ್ಲ ಹೇಳಿದಾಗ ಅವಳು ಒಳಗೆ ಹೋಗಿ ಅಮ್ಮನ ಗುಂಡಿ ಡಬ್ಬ ತಂದಳು. ಕಳಚಿಬಿದ್ದ ಗುಂಡಿ, ಹುಕ್ಕು, ಪಿನ್ನು, ದಾರದ ಉಂಡೆಗಳ ನಡುವೆ ಒಂದು ತಿಳಿಹಸಿರು ಗೋಲಿ. “ನಿನ್ನ ಚಡ್ಡಿ ಒಗೆಯೋವಾಗ ಸಿಕ್ಕಿದ್ದಂತೆ ಕಣೋ ಅಣ್ಣ. ಇರಲಿ ಬಿಡು ಅಂತ ಇಟ್ಟಿದ್ದಳು” ಎಂದಳು. ಬಾವಿ ಹತ್ತು ಹೆಜ್ಜೆ ದೂರದಲ್ಲಿತ್ತು. ಅಮ್ಮ ಏಕೆ ಎಸೆಯಲಿಲ್ಲವೋ.

ಭೂತಗನ್ನಡಿಯಲ್ಲಿ ನೋಡಿದರೆ ಆರು ಚಂದ್ರ. ನಾಲ್ಕು ಅವನವೆಂದು ಇಟ್ಟುಕೊಂಡರೂ ಇನ್ನೆರಡು ಯಾರವೋ.

ಬೆಂಗಳೂರಿಗೆ ತಂದು ಅದನ್ನು ಟೀಪಾಯಿಯ ಮೇಲೆ ಒಂದು ಬಟ್ಟಲಲ್ಲಿ ಇಟ್ಟಿದ್ದೆ. ಹೆಸರು, ಮಾಡಿದವರು, ಕಾಲ, ದರ್ಜೆ ಎಂದು ಅಜ್ಜನ ಕ್ರಮದಲ್ಲೇ ಚೀಟಿ ಬರೆಯಬೇಕೆಂದಿದ್ದೆ. ಮೊನ್ನೆ ಸಂಜೆ ವಾಕಿಂಗ್ ಮುಗಿಸಿ ಬಂದರೆ ಬಟ್ಟಲು ಖಾಲಿ. ಹೆಂಡತಿಯನ್ನು ಕೇಳಿದೆ. ಮನಿಪ್ಲಾಂಟ್ ಬಾಟಲಿಯಲ್ಲಿ ಗೋಲಿ ಕಡಿಮೆಯಾಗಿ ಬಳ್ಳಿ ವಾಲುತ್ತಿತ್ತಂತೆ, ಹಾಕಿದಳಂತೆ. ಆ ಬಾಟಲಿಯಲ್ಲಿ ಮೊದಲೇ ಮೂವತ್ತು ನಲವತ್ತು ಗೋಲಿಗಳಿದ್ದವು, ಎಲ್ಲ ಪೇಟೆಯಿಂದ ಕೆಜಿ ಲೆಕ್ಕದಲ್ಲಿ ತಂದ ತಿಳಿಗಾಜಿನವು, ನೀರಿನೊಳಗೆ ಇವೆಯೋ ಇಲ್ಲವೋ ಎಂಬಂತೆ. ಬಾಟಲಿಯನ್ನು ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದು ನಿಧಾನವಾಗಿ ತಿರುಗಿಸಿದೆ. ಎಲ್ಲವೂ ಒಂದೇ. ಬೇರುಗಳ ಸಂದಿಯಲ್ಲಿ, ಅಡಿಯಿಂದ ಎರಡನೆಯ ಸಾಲಿನಲ್ಲಿ, ಉಗುರಿನಷ್ಟು ಏನೋ ಹೊಳೆಯಿತು. ಇನ್ನೊಂದಿಷ್ಟು ತಿರುಗಿಸಿದೆ, ಅದರ ಪಕ್ಕದಲ್ಲೇ ಇನ್ನೊಂದು.

“ತೆಗೀಲೇನ್ರೀ?” ಎಂದು ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವಳು ಬಂದು ನಿಂತಳು.

“ಇರಲಿ ಬಿಡು” ಎಂದೆ.